ಕರಿಕಲ್ಲಿನ ತೊಟ್ಟಿ

ಮದ್ರಾಸಿನ ಸೇಂಟ್ ಜಾರ್ಜ್ ಕೋಟೆ ಎಂದರೆ ಇವತ್ತಿನ ಜನಕ್ಕೆ ನೆನಪಾಗುವುದು ತಮಿಳುನಾಡಿನ ಸೆಕ್ರೆಟೇರಿಯಟ್ಟು, ವಿಧಾನಸಭೆ, ಕೈಯಲ್ಲಿ ಅರ್ಜಿ ಹಿಡಿದು ಬಿಸಿಲಲ್ಲಿ ನಿಂತ ಸಾಲು. ಆ ಕಚೇರಿಗಳ ಗಡಿಬಿಡಿಯ ನಡುವೆಯೇ ಬಿಳಿಗೋಡೆಯ, ಚೂಪು ಶಿಖರದ ಒಂದು ಚರ್ಚ್ ಇದೆ. ಸೇಂಟ್ ಮೇರಿ ಚರ್ಚ್. ಸೂಯೆಜ್‌ನಿಂದ ಮೂಡಲಿಗೆ ಉಳಿದಿರುವ ಆಂಗ್ಲಿಕನ್ ಚರ್ಚುಗಳಲ್ಲೆಲ್ಲ ಇದೇ ಹಳೆಯದು ಎಂದು ಹೇಳುವುದುಂಟು. ನೋಡಲು ಹೋದವರಿಗೆ ಮೊದಲು ಸಿಗುವುದು ಮದುವೆಯ ಸುದ್ದಿ. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹೆಸರು ಬಿಟ್ಟುಹೋದ ಎಲಿಹು ಯೇಲ್ ಮದುವೆಯಾದದ್ದು ಇಲ್ಲಿ, 1680ರ ನವೆಂಬರ್ 4ರಂದು. ಈ ಚರ್ಚಿನಲ್ಲಿ ನಡೆದ ಮೊದಲ ಮದುವೆ ಅದೇ. ರಾಬರ್ಟ್ ಕ್ಲೈವ್ ಮದುವೆಯಾದದ್ದೂ ಇಲ್ಲಿ, 1753ರ ಫೆಬ್ರವರಿ 18ರಂದು. ಮದುವೆಗಳ ಕಥೆಯನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಹೇಳಹೊರಟಿರುವುದು ಅದೇ ಚರ್ಚಿನಲ್ಲಿರುವ ಕರಿಕಲ್ಲಿನ ಒಂದು ತೊಟ್ಟಿಯ ಕಥೆ. ಮಕ್ಕಳಿಗೆ ದೀಕ್ಷಾಸ್ನಾನ ಕೊಡಲು ನೀರು ತುಂಬಿಡುವ ತೊಟ್ಟಿ. ಅದರ ಕಲ್ಲು ಮದ್ರಾಸಿಗೆ ಕೂಗಳತೆಯಲ್ಲಿರುವ ಪಲ್ಲಾವರಂನದು. ಆ ಕಲ್ಲಿನ ಜಾತಿಗೆ ಒಂದು ಹೆಸರಿದೆ. ಆ ಹೆಸರು ಬಂದ ದಾರಿ ಹಿಡಿದು ಹೋದರೆ ಮದ್ರಾಸಿನಿಂದ ಕಲ್ಕತ್ತಕ್ಕೆ, ಕಲ್ಕತ್ತದಿಂದ ನಮ್ಮ ಕನಕಪುರದ ಕಬ್ಬಾಳಿಗೆ ಬಂದು ಮುಟ್ಟುತ್ತೇವೆ.

ಮೊದಲು ಚರ್ಚನ್ನು ಕಟ್ಟಿದ ಕಥೆ. ಇಂಗ್ಲಿಷರು ಮದ್ರಾಸಿನಲ್ಲಿ ನೆಲ ಪಡೆದದ್ದು 1639ರಲ್ಲಿ, ವಿಜಯನಗರದ ಕೊನೆಗಾಲದ ಅರಸರ ಕೆಳಗಿದ್ದ ದಾಮರ್ಲ ವೆಂಕಟಾದ್ರಿ ನಾಯಕನಿಂದ. ಮರುವರ್ಷ ಕೋಟೆಯ ಕೆಲಸ ಆರಂಭವಾಯಿತು. ಆದರೆ ನಾಲ್ಕು ದಶಕ ಕಳೆದರೂ ಅವರಿಗೆ ಅಲ್ಲಿ ಸ್ವಂತ ಚರ್ಚ್ ಇರಲಿಲ್ಲ. ವಿಚಿತ್ರವೆಂದರೆ ಅದೇ ಕೋಟೆಯೊಳಗೆ ಫ್ರೆಂಚ್ ಕಪುಚಿನ್ ಪಾದ್ರಿ ಎಫ್ರೇಮ್ ಅವರ ಕಥೋಲಿಕ ಚರ್ಚ್ 1640ರ ದಶಕದಿಂದಲೇ ನಡೆಯುತ್ತಿತ್ತು. ಕೋಟೆಯ ಒಡೆಯರಾದ ಪ್ರೊಟೆಸ್ಟೆಂಟರು ಮಾತ್ರ ಗವರ್ನರನ ಮನೆಯ ಒಂದು ಕೋಣೆಯಲ್ಲಿ ಪ್ರಾರ್ಥನೆ ಮುಗಿಸಿಕೊಳ್ಳುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಮೆಣಸು, ಬಟ್ಟೆ, ಲಾಭ ಮುಖ್ಯ. ಚರ್ಚಿಗೆ ಹಣ ಬಿಚ್ಚುವ ಪೈಕಿ ಅವರಲ್ಲ.

1678ರಲ್ಲಿ ಸ್ಟ್ರೆನ್‌ಶಾಮ್ ಮಾಸ್ಟರ್ ಗವರ್ನರನಾಗಿ ಬಂದ. ಆತ ಲಂಡನ್ನಿನ ಅಪ್ಪಣೆಗೆ ಕಾಯಲಿಲ್ಲ. ಕೋಟೆಯಲ್ಲಿದ್ದ ಇಂಗ್ಲಿಷರ ಮುಂದೆ ಚಂದಾ ಪಟ್ಟಿ ಇಟ್ಟು, ಮೇಲ್ಗಡೆ ತನ್ನ ಹೆಸರನ್ನೇ ಬರೆದ. ಒಟ್ಟು ಕೂಡಿದ್ದು 805 ಪಗೋಡ. ಪಗೋಡ ಎಂದರೆ ಬೇರೇನೂ ಅಲ್ಲ, ನಮ್ಮ ವರಹ. ವಿಜಯನಗರದ ಚಿನ್ನದ ನಾಣ್ಯದ ಮಾದರಿಯಲ್ಲೇ ಕಂಪನಿ ತನ್ನ ಟಂಕಸಾಲೆಯಲ್ಲಿ ಅದನ್ನು ಹೊಡೆಯುತ್ತಿತ್ತು. ಮಾರ್ಚ್ 25ರಂದು ಅಸ್ತಿಭಾರ ಹಾಕಿದರು. ದೇವದೂತ ಬಂದು ಮರಿಯಳಿಗೆ ಶುಭವಾರ್ತೆ ತಿಳಿಸಿದ ಹಬ್ಬದ ದಿನ ಅದು. ಚರ್ಚಿಗೆ ಆಕೆಯ ಹೆಸರೇ ಬಂತು. 1680ರ ಅಕ್ಟೋಬರ್ 28ರಂದು ಪ್ರತಿಷ್ಠೆ ನಡೆಯಿತು.

ಕಟ್ಟಿದವನು ಯಾರು? ಕೋಟೆಯ ಮುಖ್ಯ ತೋಪಿನವನಾದ ವಿಲಿಯಂ ಡಿಕ್ಸನ್ ಎಂದು ನಂಬಿಕೆ. ಕಟ್ಟಡವನ್ನು ಕಂಡರೆ ನಂಬಿಕೆ ಸುಳ್ಳೆನಿಸುವುದಿಲ್ಲ. ಹೊರಗೋಡೆ ನಾಲ್ಕು ಅಡಿ ದಪ್ಪ. ಮೇಲೆ ಮರದ ತೊಲೆಯಿಲ್ಲ, ಜಂತಿಯಿಲ್ಲ. ಉದ್ದಕ್ಕೂ ಅರ್ಧವೃತ್ತದ ಕಮಾನು, ಇಟ್ಟಿಗೆ ಮತ್ತು ಗಾರೆಯದು, ಎರಡು ಅಡಿ ದಪ್ಪ. ದೇವರ ಮನೆ ಕಟ್ಟು ಎಂದರೆ ತೋಪಿನವನು ಮದ್ದಿನ ಮನೆಯನ್ನೇ ಕಟ್ಟಿದ ಹಾಗಿದೆ. ಗುಂಡು ಬಿದ್ದರೂ ಕುಸಿಯಬಾರದು, ಬೆಂಕಿ ಹತ್ತಬಾರದು, ಚಂಡಮಾರುತಕ್ಕೆ ಹಾರಬಾರದು, ಗೆದ್ದಲಿಗೆ ತಿನ್ನಲು ಏನೂ ಸಿಗಬಾರದು. ಮದ್ರಾಸಿನ ಕಡಲತೀರದಲ್ಲಿ ಇವು ನಾಲ್ಕೂ ನಿಜವಾದ ಶತ್ರುಗಳೇ. ಗೋಪುರ, ಶಿಖರಗಳು ಬಂದದ್ದು ಆಮೇಲೆ.

ಇನ್ನು ತೊಟ್ಟಿಗೆ ಬರೋಣ. ಚರ್ಚ್ ಎಂದ ಮೇಲೆ ದೀಕ್ಷಾಸ್ನಾನದ ತೊಟ್ಟಿ ಇರಬೇಕು, ಅದೂ ಕಲ್ಲಿನದೇ ಇರಬೇಕು ಎಂದು ಇಂಗ್ಲೆಂಡಿನ ಚರ್ಚ್ 1604ರಲ್ಲೇ ಕಟ್ಟಳೆ ಮಾಡಿತ್ತು. ಅದರ ಹಿಂದೆ ದೊಡ್ಡ ಜಗಳವಿದೆ. ಹಳೆಯ ಕಲ್ಲುತೊಟ್ಟಿಗಳು ಪೋಪನ ಕಾಲದ ಮೂಢನಂಬಿಕೆಯ ಗುರುತು, ಮಗುವಿಗೆ ಒಂದು ಬೋಗುಣಿಯ ನೀರು ಸಾಕು ಎನ್ನುವವರದು ಒಂದು ಪಂಗಡ. ಇಲ್ಲ, ತೊಟ್ಟಿ ಇದ್ದಲ್ಲೇ ಇರಬೇಕು ಎನ್ನುವವರದು ಇನ್ನೊಂದು. ಅಂತರ್ಯುದ್ಧದ ಕಾಲದಲ್ಲಿ, 1645ರಲ್ಲಿ, ಬೋಗುಣಿಯವರ ಕೈ ಮೇಲಾಯಿತು. ಪಾರ್ಲಿಮೆಂಟು ಹೊಸ ಪೂಜಾಕ್ರಮ ತಂದು, ಹಳೆಯ ತೊಟ್ಟಿಗಳಿರುವ ಜಾಗದಲ್ಲಿ ದೀಕ್ಷಾಸ್ನಾನ ಕೊಡಬಾರದು ಎಂದಿತು. ಎಷ್ಟೋ ಊರುಗಳಲ್ಲಿ ತೊಟ್ಟಿಗಳನ್ನು ಕಿತ್ತು ಹೊರಗೆಸೆದರು. 1660ರಲ್ಲಿ ರಾಜ ಮರಳಿ ಬಂದ. ತೊಟ್ಟಿಗಳೂ ಮರಳಿ ಬಂದವು. ಆದ್ದರಿಂದ 1680ರಲ್ಲಿ ಮದ್ರಾಸಿನಲ್ಲಿ ಕಲ್ಲಿನ ತೊಟ್ಟಿ ಇಟ್ಟದ್ದು ಬರೀ ಅನುಕೂಲದ ಮಾತಲ್ಲ. ನಾವು ಯಾವ ಪಂಗಡದವರು ನೋಡಿ ಎಂದು ಸಾರಿದ ಹಾಗೆ.

ಕಟ್ಟಳೆ ಕಲ್ಲಿನದು ಎಂದಿತ್ತೇ ಹೊರತು ಯಾವ ಕಲ್ಲು ಎಂದು ಹೇಳಿರಲಿಲ್ಲ. ಇಂಗ್ಲೆಂಡಿನಲ್ಲಾದರೆ ಸುಣ್ಣಕಲ್ಲು, ಮರಳುಗಲ್ಲು, ಅಮೃತಶಿಲೆ. ಇಲ್ಲಿ ಕೈಗೆಟುಕುವ ದೂರದಲ್ಲಿದ್ದದ್ದು ಪಲ್ಲಾವರಂ ಗುಡ್ಡದ ಕರಿಕಲ್ಲು. ಆ ಊರಿನವರಿಗೆ ಕಲ್ಲು ಕಡೆಯುವುದು ಯಾರೂ ಕಲಿಸಬೇಕಾದ ವಿದ್ಯೆ ಆಗಿರಲಿಲ್ಲ. ಪಲ್ಲವರ ಮಹೇಂದ್ರವರ್ಮ ಏಳನೆಯ ಶತಮಾನದ ಆರಂಭದಲ್ಲೇ ಅಲ್ಲಿನ ಬಂಡೆ ಕೊರೆಸಿ ಗುಹಾಲಯ ಮಾಡಿಸಿದ್ದ. ಇವತ್ತು ಆ ಗುಹೆ ಒಂದು ದರ್ಗಾ. ಅದೇ ಪಲ್ಲಾವರಂನಲ್ಲಿ 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಜಲ್ಲಿಗುಂಡಿಯೊಂದರಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಹೆಕ್ಕಿದರು. ಬಳ್ಳಾರಿ, ರಾಯಚೂರು ಸೀಮೆಯ ಬೆಟ್ಟಗುಡ್ಡ ಸುತ್ತಿದ ಫೂಟ್ ಸಾಹೇಬರೇ ಅವರು. ಒಂದು ಊರಿನ ನೆಲದಲ್ಲಿ ಇಷ್ಟೆಲ್ಲ ಇರುವಾಗ, ಅಲ್ಲಿ ಇಳಿಯುವ ಲೋಕಲ್ ರೈಲಿನ ಜನ ಅದನ್ನು ಬರೀ ಸ್ಟೇಷನ್ನಿನ ಹೆಸರಾಗಿ ಬಲ್ಲರು.

ತೊಟ್ಟಿಗೆ ಮುಚ್ಚಳ ಇಡುವ ರೂಢಿಯ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ 1236ರಲ್ಲೇ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್, ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಿರಿ ಎಂದು ಆಜ್ಞೆ ಮಾಡಿದ. ಮಂತ್ರಿಸಿದ ನೀರನ್ನು ಜನ ರಾತ್ರಿ ಹೊತ್ತು ಕದ್ದೊಯ್ದು ಮಾಟಮಂತ್ರಕ್ಕೆ ಬಳಸುತ್ತಾರೆ ಎಂಬ ಭಯ. ನಮ್ಮ ಊರುಗಳಲ್ಲಿ ತೀರ್ಥದ ನೀರನ್ನು ದನಕ್ಕೆ ಚಿಮುಕಿಸಲು ಕೇಳಿ ಒಯ್ಯುವವರಿದ್ದಾರೆ. ಅದನ್ನು ಕಳವು ಎಂದು ಯಾರೂ ಬೀಗ ಹಾಕಿದ್ದಿಲ್ಲ.

ಈ ತೊಟ್ಟಿಯ ಮುಂದೆ ಯಾರ ಮಕ್ಕಳು ಬಂದರು? ಗವರ್ನರರ, ಕೌನ್ಸಿಲಿನವರ ಮಕ್ಕಳು ಬಂದರು, ಅದು ಸರಿ. ಆದರೆ ಅಂಥವರು ಎಷ್ಟು ಜನ? ಕೋಟೆಯಲ್ಲಿ ತುಂಬಿದ್ದವರು ಸಿಪಾಯಿಗಳು. ಇಂಗ್ಲೆಂಡಿನಿಂದ ಹೆಣ್ಣುಗಳು ಬರುತ್ತಿದ್ದುದು ಬೆರಳೆಣಿಕೆ. ಸಿಪಾಯಿಗಳು ಊರಿನ ಹೆಣ್ಣುಗಳನ್ನು, ಅದರಲ್ಲೂ ಕಥೋಲಿಕರಾಗಿದ್ದ ಪೋರ್ಚುಗೀಸ್ ಮೂಲದ ಹೆಣ್ಣುಗಳನ್ನು ಕಟ್ಟಿಕೊಳ್ಳುತ್ತಿದ್ದರು. ಮಕ್ಕಳು ಕಪುಚಿನ್ ಪಾದ್ರಿಯ ಕಡೆಗೆ ಹೋಗುತ್ತಿದ್ದವು. ಲಂಡನ್ನಿನಲ್ಲಿ ಕೂತ ನಿರ್ದೇಶಕರಿಗೆ ಇದು ಲೆಕ್ಕದ ಪುಸ್ತಕದಲ್ಲಿ ಕಾಣುವ ನಷ್ಟ. 1687ರ ಏಪ್ರಿಲಿನಲ್ಲಿ ಅವರು ಮದ್ರಾಸಿಗೆ ಬರೆದ ಕಾಗದ ಪ್ರಸಿದ್ಧವಾದದ್ದು. ಸಿಪಾಯಿಗಳು ಇಲ್ಲಿನ ಹೆಣ್ಣುಗಳನ್ನು ಮದುವೆಯಾಗುವುದು ಮುಂದಿನ ತಲೆಮಾರಿನ ದೃಷ್ಟಿಯಿಂದ ಎಷ್ಟು ಮುಖ್ಯವೆಂದರೆ, ಅದಕ್ಕೆ ಒಂದಿಷ್ಟು ಖರ್ಚು ಮಾಡಲೂ ನಾವು ಸಿದ್ಧ; ಅಂಥ ಮದುವೆಯಿಂದ ಹುಟ್ಟಿದ ಮಗುವಿಗೆ ದೀಕ್ಷಾಸ್ನಾನವಾದ ದಿನ ತಾಯಿಯ ಕೈಗೆ ಒಂದು ಪಗೋಡ ಕೊಡುವ ಯೋಚನೆ ಮಾಡಿದ್ದೇವೆ ಎಂಬುದು ಅದರ ಸಾರಾಂಶ.

ಗಮನಿಸಿ: ಮದುವೆಯ ದಿನಕ್ಕಲ್ಲ, ಹೆರಿಗೆಯ ದಿನಕ್ಕೂ ಅಲ್ಲ. ತೊಟ್ಟಿಯ ನೀರು ಮಗುವಿನ ತಲೆಗೆ ಬಿದ್ದ ದಿನಕ್ಕೆ ಒಂದು ವರಹ. ಚರ್ಚ್ ಕಟ್ಟಲು ಒಂದು ಕಾಸೂ ಬಿಚ್ಚದ ಕಂಪನಿ, ಅದರೊಳಗಿನ ತೊಟ್ಟಿಗೆ ಮಾತ್ರ ದರ ಗೊತ್ತುಮಾಡಿತು. ಅಪ್ಪ ಇಂಗ್ಲಿಷರವನು, ಅವ್ವ ಈ ನೆಲದವಳು, ಮತ ಪ್ರೊಟೆಸ್ಟೆಂಟ್. ಇಂಥ ಹುಡುಗ ಬೆಳೆದರೆ ಹಡಗಿನ ಖರ್ಚಿಲ್ಲದೆ ಒಬ್ಬ ಸಿಪಾಯಿ ಸಿಕ್ಕ ಹಾಗೆ. ಮುಂದೆ ನೂರು ವರ್ಷ ಕಳೆಯುವ ಹೊತ್ತಿಗೆ ಇದೇ ಕಂಪನಿ ಇಂಥ ಮಕ್ಕಳಿಗೆ ದೊಡ್ಡ ನೌಕರಿಗಳ ಬಾಗಿಲು ಮುಚ್ಚಿತು. ಅದು ಆಗಿನ ಲೆಕ್ಕ, ಇದು ಆಮೇಲಿನ ಲೆಕ್ಕ. ಕಂಪನಿಯ ನೀತಿಯನ್ನು ಓದುವಾಗಲೆಲ್ಲ ನನಗೆ ಅನಿಸುವುದು, ಇವರ ಧರ್ಮಶಾಸ್ತ್ರವನ್ನು ಗುಮಾಸ್ತರೇ ಬರೆದಿರಬೇಕು ಎಂದು.

ಇನ್ನೊಂದು ವಿಷಯ ಇದಕ್ಕೆ ಸೇರಿಸಬೇಕು. 1662ರ ಪ್ರಾರ್ಥನಾ ಪುಸ್ತಕದಲ್ಲಿ ಮೊದಲ ಬಾರಿಗೆ ದೊಡ್ಡವರಿಗೂ ದೀಕ್ಷಾಸ್ನಾನ ಕೊಡುವ ವಿಧಿಯನ್ನು ಸೇರಿಸಿದರು. ಅಲ್ಲಿಯವರೆಗೆ ಇಂಗ್ಲೆಂಡಿನ ಚರ್ಚಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ, ಎಲ್ಲರೂ ಹಸುಗೂಸುಗಳೇ. ಹೊಸ ವಿಧಿಗೆ ಕಾರಣವನ್ನೂ ಪುಸ್ತಕದ ಮುನ್ನುಡಿಯೇ ಹೇಳುತ್ತದೆ. ಅಂತರ್ಯುದ್ಧದ ಗೊಂದಲದಲ್ಲಿ ದೀಕ್ಷಾಸ್ನಾನವಿಲ್ಲದೆ ಬೆಳೆದವರು ಒಂದು ಕಡೆ. ಕಡಲಾಚೆಯ ವಸಾಹತುಗಳ ಮೂಲನಿವಾಸಿಗಳು ಇನ್ನೊಂದು ಕಡೆ. ಮದ್ರಾಸಿನ ತೊಟ್ಟಿ ಈ ಪುಸ್ತಕಕ್ಕಿಂತ ಹದಿನೆಂಟು ವರ್ಷ ಮಾತ್ರ ಚಿಕ್ಕದು.

ಹಸುಗೂಸಲ್ಲದವರು ಈ ತೊಟ್ಟಿಗೆ ಬಂದ ಒಂದು ದಿನ 1689ರ ಆಗಸ್ಟ್ 19. ಅವತ್ತು ಮೂವರು ಅಕ್ಕತಂಗಿಯರಿಗೆ ಒಟ್ಟಿಗೆ ದೀಕ್ಷಾಸ್ನಾನವಾಯಿತು. ಮೇರಿ, ಎಲಿಜಬೆತ್, ಕ್ಯಾಥರೀನ್. ಅಪ್ಪನ ಹೆಸರು ಜಾಬ್ ಚಾರ್ನಕ್.

ಕಲ್ಕತ್ತವನ್ನು ಸ್ಥಾಪಿಸಿದವನು ಎಂದು ಶಾಲೆಯ ಪುಸ್ತಕಗಳಲ್ಲಿ ಬರುವ ಚಾರ್ನಕ್ ಅವನೇ. ಆದರೆ 1689ರಲ್ಲಿ ಆತ ಏನನ್ನೂ ಸ್ಥಾಪಿಸಿರಲಿಲ್ಲ. ಪಟ್ನಾದಲ್ಲಿ ಪೆಟ್ಲುಪ್ಪಿನ ವ್ಯಾಪಾರ ನೋಡಿಕೊಂಡು ವರ್ಷಗಟ್ಟಲೆ ಇದ್ದವನು, ಆಮೇಲೆ ಹೂಗ್ಲಿಗೆ ಬಂದವನು. ಕಂಪನಿ ಮೊಗಲರ ಮೇಲೆ ಬುದ್ಧಿಗೆಟ್ಟು ಯುದ್ಧ ಹೂಡಿ ಸೋತಾಗ, ಬಂಗಾಳದ ಇಂಗ್ಲಿಷರೆಲ್ಲ ಗಂಟುಮೂಟೆ ಕಟ್ಟಿ ಹಡಗು ಹತ್ತಿ ಮದ್ರಾಸಿಗೆ ಬಂದಿಳಿದರು. ಮನೆಮಠ ಬಿಟ್ಟು ಬಂದವರ ಗುಂಪಿನಲ್ಲಿ ಚಾರ್ನಕ್ ಮತ್ತು ಅವನ ಹೆಣ್ಣುಮಕ್ಕಳಿದ್ದರು. ಮುಂದಿನ ವರ್ಷ ಆಗಸ್ಟ್ 24ರಂದು ಆತ ಮತ್ತೆ ಬಂಗಾಳದ ಸುತಾನುಟಿಗೆ ಹೋಗಿ ಇಳಿದ. ಕಲ್ಕತ್ತದ ಹುಟ್ಟುಹಬ್ಬ ಎಂದು ಬಹಳ ಕಾಲ ಆಚರಿಸಿದ್ದು ಅದೇ ದಿನವನ್ನು.

ಈ ಹುಡುಗಿಯರ ತಾಯಿಯ ಬಗ್ಗೆ ಒಂದು ದಂತಕಥೆ ಇದೆ. ಅಲೆಗ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕ 1727ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಅದನ್ನು ಹೇಳಿದ್ದಾನೆ. ಸತಿ ಹೋಗಲು ಹೊರಟಿದ್ದ ಚೆಲುವೆ ವಿಧವೆಯೊಬ್ಬಳನ್ನು ಚಾರ್ನಕ್ ತನ್ನ ಕಾವಲಿನವರನ್ನು ಕರೆದುಕೊಂಡು ಹೋಗಿ ಚಿತೆಯಿಂದ ಬಿಡಿಸಿ ತಂದನಂತೆ, ಬಹಳ ವರ್ಷ ಸಂಸಾರ ಮಾಡಿದನಂತೆ. ಅವಳನ್ನು ಕ್ರೈಸ್ತಳಾಗಿ ಮಾಡುವ ಬದಲು ಅವಳೇ ಅವನನ್ನು ತನ್ನ ದಾರಿಗೆ ತಂದಳಂತೆ. ಅವಳು ಸತ್ತ ಮೇಲೆ ವರ್ಷ ವರ್ಷವೂ ಗೋರಿಯ ಮೇಲೆ ಹುಂಜ ಕೊಯ್ಯುತ್ತಿದ್ದನಂತೆ. ಕೇಳಲು ಚೆನ್ನಾಗಿದೆ. ಹ್ಯಾಮಿಲ್ಟನ್‌ಗೆ ಕಂಪನಿಯವರನ್ನು ಕಂಡರೆ ಆಗುತ್ತಿರಲಿಲ್ಲ ಎಂಬುದನ್ನೂ ಜೊತೆಗೆ ನೆನಪಿಟ್ಟುಕೊಳ್ಳಬೇಕು. ಅಪ್ಪ ನಿಜವಾಗಿ ಕ್ರೈಸ್ತ ಧರ್ಮದ ಗೊಡವೆ ಬಿಟ್ಟಿದ್ದರೆ, ಮದ್ರಾಸಿಗೆ ಬಂದ ವರ್ಷವೇ ಮೂವರನ್ನೂ ಸಾಲಾಗಿ ನಿಲ್ಲಿಸಿ ಪಾದ್ರಿಯ ಕೈಗೆ ಒಪ್ಪಿಸುತ್ತಿದ್ದನೇ? ಬಂಗಾಳದಲ್ಲಿ ಅವರಿಗೆ ಆಗ ಚರ್ಚ್ ಇರಲಿಲ್ಲ. ಇಲ್ಲಿ ಇತ್ತು, ತೊಟ್ಟಿ ಇತ್ತು, ಪುಸ್ತಕದಲ್ಲಿ ಬರೆದಿಡುವವರಿದ್ದರು. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ವರಗಳನ್ನು ನೋಡಬೇಕಾದ ಅಪ್ಪನಿಗೆ ಆ ದಾಖಲೆಯ ಬೆಲೆ ಗೊತ್ತಿತ್ತು. ಅವರಿಗೆ ಮದುವೆಗಳೂ ಆದವು. ಹಿರಿಯಳು ಮೇರಿ ಕೈಹಿಡಿದದ್ದು ಮುಂದೆ ಬಂಗಾಳದ ಇಂಗ್ಲಿಷರ ಮುಖ್ಯಸ್ಥನಾದ ಚಾರ್ಲ್ಸ್ ಐರ್‌ನನ್ನು.

ಚಾರ್ನಕ್ 1693ರ ಜನವರಿ 10ರಂದು ತೀರಿಕೊಂಡ. ಅಳಿಯ ಐರ್ ಮಾವನಿಗೆ ಎಂಟು ಮೂಲೆಯ, ಗುಮ್ಮಟದ ಒಂದು ಸಮಾಧಿ ಮಂಟಪ ಕಟ್ಟಿಸಿದ. ಇವತ್ತಿಗೂ ಕಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ ಅದಿದೆ. ಬಂಗಾಳ ಮೆಕ್ಕಲು ಮಣ್ಣಿನ ಸೀಮೆ. ನದಿ ತಂದುಹಾಕಿದ ಮಣ್ಣು ಬಿಟ್ಟರೆ ಅಲ್ಲಿ ಕೈಗೆ ಸಿಗುವ ಕಲ್ಲಿಲ್ಲ. ಮನೆ, ಗುಡಿ ಎಲ್ಲವೂ ಇಟ್ಟಿಗೆಯದು. ಹೀಗಾಗಿ ಸಮಾಧಿಯ ಚಪ್ಪಡಿಗೆ ಕಲ್ಲನ್ನು ಮದ್ರಾಸಿನಿಂದ ಹಡಗಿನಲ್ಲಿ ತರಿಸಿದರು. ಪಲ್ಲಾವರಂ ಕಡೆಯ ಕರಿಕಲ್ಲು. 1697ರಲ್ಲಿ ಮೇರಿಯೂ ಅದೇ ಮಂಟಪದಲ್ಲಿ ಅಪ್ಪನ ಬಳಿ ಸೇರಿದಳು; ಆಮೇಲೆ ಕ್ಯಾಥರೀನ್ ಕೂಡ. ತಲೆಗೆ ನೀರು ಬಿದ್ದದ್ದು ಯಾವ ಕಲ್ಲಿನ ತೊಟ್ಟಿಯಿಂದಲೋ ಅದೇ ಜಾತಿಯ ಕಲ್ಲು ಅವರ ಮೇಲೆ ಚಪ್ಪಡಿಯಾಗಿ ಬಂತು.

ಇತ್ತ ಮದ್ರಾಸಿನ ಚರ್ಚಿಗೂ ನೆಮ್ಮದಿಯ ಕಾಲವೇನೂ ಇರಲಿಲ್ಲ. 1746ರಲ್ಲಿ ಫ್ರೆಂಚರು ಕೋಟೆ ಹಿಡಿದು 1749ರವರೆಗೆ ಇಟ್ಟುಕೊಂಡರು. 1758ರ ಡಿಸೆಂಬರಿನಲ್ಲಿ ಫ್ರೆಂಚ್ ದಂಡನಾಯಕ ಲ್ಯಾಲಿ ಮತ್ತೆ ಮುತ್ತಿಗೆ ಹಾಕಿದ. ಕಮಾನಿನ ಮಾಡು ಗುಂಡಿನ ಮಳೆಯನ್ನು ತಡೆದುಕೊಂಡಿತು. ಆಗ ಇಂಗ್ಲಿಷರ ಸ್ಮಶಾನ ಕೋಟೆಯ ಹೊರಗೆ, ಈಗ ಹೈಕೋರ್ಟ್ ಇರುವ ಕಡೆ ಇತ್ತು. ಅಲ್ಲಿನ ಎತ್ತರದ ಗೋರಿಗಳ ಮರೆಯಲ್ಲಿ ನಿಂತು ಫ್ರೆಂಚರು ತೋಪು ಹಾರಿಸಿದ್ದರಿಂದ, ಮುತ್ತಿಗೆ ತೆರವಾದ ಮೇಲೆ ಗೋರಿಗಳನ್ನೇ ನೆಲಸಮ ಮಾಡಿ, ಹೆಸರು ಕೆತ್ತಿದ ಚಪ್ಪಡಿಗಳನ್ನು ತಂದು ಸೇಂಟ್ ಮೇರಿ ಚರ್ಚಿನ ಅಂಗಳಕ್ಕೆ ಹಾಸಿದರು. ಎರಡೇ ಗೋರಿ ಉಳಿದವು. ಒಂದರಲ್ಲಿ ಎಲಿಹು ಯೇಲ್‌ನ ಮಗ, ನಾಲ್ಕು ತುಂಬುವ ಮೊದಲೇ ತೀರಿಕೊಂಡ ಡೇವಿಡ್ ಇದ್ದಾನೆ.

ಅಂಗಳಕ್ಕೆ ಬಂದ ಚಪ್ಪಡಿಗಳಿಗೂ ಸುಖವಿಲ್ಲ. 1780ರಲ್ಲಿ ನಮ್ಮ ಹೈದರಾಲಿ ಘಟ್ಟ ಇಳಿದು ಕರ್ನಾಟಿಕ್ ಸೀಮೆಗೆ ನುಗ್ಗಿ ಪೊಳ್ಳಿಲೂರಿನಲ್ಲಿ ಕಂಪನಿಯ ಪಡೆಯನ್ನು ಮಣ್ಣುಮುಕ್ಕಿಸಿದ ಮೇಲೆ ಮದ್ರಾಸಿನವರ ನಿದ್ದೆ ಹಾರಿತು. ಆ ಭಯದ ದಿನಗಳಲ್ಲಿ ಚಪ್ಪಡಿಗಳನ್ನು ಮತ್ತೆ ಕಿತ್ತು ಕೋಟೆಯ ಮೇಲೆ ತೋಪುಗಳ ಕೆಳಗೆ ಹಾಸಿದರು. ಸತ್ತವರ ಹೆಸರಿನ ಮೇಲೆ ತೋಪಿನ ಗಾಲಿ ಉರುಳಿತು. ಹೈದರನ ಕಾಲ ಮುಗಿದು, ಟಿಪ್ಪುವಿನ ಕಾಲವೂ ಮುಗಿದ ಮೇಲೆ ಅವು ಅಂಗಳಕ್ಕೆ ಹಿಂತಿರುಗಿದವು. ಇವತ್ತು ಅವುಗಳ ಮೇಲೆಯೇ ನಡೆದು ಚರ್ಚಿನೊಳಗೆ ಹೋಗಬೇಕು. 1652ರ ಇಸವಿ ಇರುವ ಒಂದು ಚಪ್ಪಡಿಯೂ ಅವುಗಳ ನಡುವೆ ಇದೆ.

ಒಳಗೆ ಹೋದ ಕನ್ನಡಿಗನಿಗೆ ಇನ್ನೂ ಎರಡು ಹೆಸರು ಪರಿಚಯದವು ಸಿಗುತ್ತವೆ. ಒಂದು, ತಂಜಾವೂರಿನ ಜರ್ಮನ್ ಪಾದ್ರಿ ಶ್ವಾರ್ಟ್ಸ್. 1779ರಲ್ಲಿ ಮದ್ರಾಸ್ ಸರ್ಕಾರ ಈತನನ್ನೇ ರಾಯಭಾರಿಯಾಗಿ ಶ್ರೀರಂಗಪಟ್ಟಣಕ್ಕೆ ಕಳಿಸಿತ್ತು. ಇಂಗ್ಲಿಷರ ಮಾತನ್ನು ನಂಬದ ಹೈದರ್ ಈ ಪಾದ್ರಿಯನ್ನು ನಂಬಿದ. ಯುದ್ಧ ಶುರುವಾದ ಮೇಲೂ ಆತನನ್ನು ಯಾರೂ ತಡೆಯಬಾರದೆಂದು ತನ್ನ ಸೈನ್ಯಕ್ಕೆ ಹೇಳಿದ್ದ. ಇನ್ನೊಂದು ಜೋಸಾಯ ವೆಬ್. ಶ್ರೀರಂಗಪಟ್ಟಣದ ಬಳಿ ದಿವಾನ್ ಪೂರ್ಣಯ್ಯ ನಿಲ್ಲಿಸಿದ ಎತ್ತರದ ಕಂಬ ಯಾರ ನೆನಪಿಗೋ ಆ ಮೈಸೂರಿನ ರೆಸಿಡೆಂಟ್ ಇವನು. ಇಬ್ಬರಿಗೂ ಇಲ್ಲಿ ಅಮೃತಶಿಲೆಯ ಸ್ಮಾರಕಗಳಿವೆ, ಇಂಗ್ಲೆಂಡಿನ ಹೆಸರುವಾಸಿ ಶಿಲ್ಪಿಗಳು ಕಡೆದದ್ದು. ಹಡಗಿನಲ್ಲಿ ಬಂದ ಬಿಳಿಕಲ್ಲು ಗೋಡೆಯ ಮೇಲೆ; ಪಲ್ಲಾವರಂನಿಂದ ಬಂದ ಕರಿಕಲ್ಲು ಕೆಳಗೆ, ಕೆಲಸಕ್ಕೆ.

ಈಗ ಆ ಕರಿಕಲ್ಲಿನ ಹೆಸರು. 1890ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿ ಥಾಮಸ್ ಹಾಲೆಂಡ್ ಎಂಬ ಯುವ ವಿಜ್ಞಾನಿ ಇದ್ದ. ಕಲ್ಕತ್ತದಲ್ಲಿ ಚಾರ್ನಕ್‌ನ ಸಮಾಧಿಯ ಕಲ್ಲು ಅವನ ಕಣ್ಣಿಗೆ ಬಿತ್ತು. ಕರ್ರಗೆ, ಎಣ್ಣೆ ಸವರಿದಂತೆ ಮಿರುಗುವ ಕಲ್ಲು. ಗ್ರಾನೈಟಿನಲ್ಲಿ ಇರುವ ಬೆಣಚು, ಫೆಲ್ಡ್‌ಸ್ಪಾರ್ ಎಲ್ಲ ಇದರಲ್ಲೂ ಇವೆ. ಜೊತೆಗೆ ಹೈಪರ್‌ಸ್ಥೀನ್ ಎಂಬ ಖನಿಜವೂ ಇದೆ. ಮಾಮೂಲಿ ಗ್ರಾನೈಟಿನಲ್ಲಿ ಅದು ಇರುವುದಿಲ್ಲ. 1893ರಲ್ಲಿ ಹಾಲೆಂಡ್ ಈ ಸಮಾಧಿಯ ಕಲ್ಲಿನ ಬಗ್ಗೆಯೇ ಒಂದು ಪ್ರಬಂಧ ಬರೆದು, ಈ ಜಾತಿಯ ಶಿಲೆಗೆ ಚಾರ್ನೊಕೈಟ್ ಎಂದು ಹೆಸರಿಟ್ಟ. ಈ ಶಿಲೆಯ ಮೊದಲ ಮಾದರಿಯನ್ನು ತನಗೇ ತಿಳಿಯದಂತೆ ಕಲ್ಕತ್ತಕ್ಕೆ ತರಿಸಿಕೊಂಡವನು ಚಾರ್ನಕ್, ಅದಕ್ಕೇ ಅವನ ಹೆಸರು ಎಂಬುದು ಹಾಲೆಂಡ್‌ನ ಸಮರ್ಥನೆ. 1900ರಲ್ಲಿ ದಕ್ಷಿಣ ಭಾರತದ ಚಾರ್ನೊಕೈಟ್‌ಗಳ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದ. ಇವತ್ತು ಅಂಟಾರ್ಕ್ಟಿಕಾದಲ್ಲಿ ಇಂಥ ಕಲ್ಲು ಸಿಕ್ಕರೂ ಹೆಸರು ಚಾರ್ನೊಕೈಟ್ ಎಂದೇ. ಮದ್ರಾಸಿನ ಪರಂಗಿಮಲೆಯ, ಎಂದರೆ ಸೇಂಟ್ ಥಾಮಸ್ ಮೌಂಟಿನ, ಚಾರ್ನೊಕೈಟ್ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ನನ್ನ ಅಭಿಪ್ರಾಯ ಕೇಳಿದರೆ, ಹೆಸರು ಪಲ್ಲಾವರಂಗೆ ಸಲ್ಲಬೇಕಿತ್ತು. ಸತ್ತ ಮೇಲೆ ಮೈಮೇಲೆ ಹೇರಿಸಿಕೊಂಡ ಕಲ್ಲಿಗೆ ಚಾರ್ನಕ್ ಮಾಡಿದ್ದೇನು? ಹಾಲೆಂಡ್ ಕಲ್ಕತ್ತದ ಸಮಾಧಿಯ ಬದಲು ಮದ್ರಾಸಿನ ತೊಟ್ಟಿಯ ಮುಂದೆ ಮೊದಲು ನಿಂತಿದ್ದರೆ ಏನಾಗುತ್ತಿತ್ತೋ. ಆದರೆ ಶಿಲೆಗಳ ಲೋಕದಲ್ಲಿ ಮೊದಲು ಇಟ್ಟ ಹೆಸರೇ ಗಟ್ಟಿ.

ಈ ಕಲ್ಲು ಹುಟ್ಟಿದ ಬಗೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಮದ್ರಾಸಿನ ಚಾರ್ನೊಕೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಿಂದ ಇಪ್ಪತ್ತು ಕಿಲೋಮೀಟರಿನಷ್ಟು ಕೆಳಗೆ, 700 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚಿನ ಶಾಖದಲ್ಲಿ ಇದು ರೂಪುಗೊಂಡದ್ದು. ನಮ್ಮ ಬೂದುಬಣ್ಣದ ನೈಸ್ ಕಲ್ಲಿನಲ್ಲಿ ಕರಿ ಅಭ್ರಕ, ಹಾರ್ನ್‌ಬ್ಲೆಂಡ್ ಇರುತ್ತವೆ. ಅವುಗಳ ಹರಳಿನ ಕಟ್ಟಿನೊಳಗೆ ನೀರಿನ ಅಂಶ ಸೇರಿಕೊಂಡಿರುತ್ತದೆ. ಅಷ್ಟು ಆಳದಲ್ಲಿ, ಅಷ್ಟು ಶಾಖದಲ್ಲಿ ಆ ನೀರು ಹೊರಬಿದ್ದರೆ ಅಭ್ರಕ ಅಳಿದು ಹೈಪರ್‌ಸ್ಥೀನ್ ಹುಟ್ಟುತ್ತದೆ, ಅದರಲ್ಲಿ ನೀರಿಲ್ಲ. ಎಂದರೆ ಚಾರ್ನೊಕೈಟ್ ನೀರನ್ನು ಹೊರದೂಡಿ ಹುಟ್ಟಿದ ಕಲ್ಲು. ನೀರು ತುಂಬಿಡುವ ತೊಟ್ಟಿಗೆ ಇಂಥದೇ ಕಲ್ಲು ಒದಗಿದ್ದು ಆಕಸ್ಮಿಕ. ಆದರೆ ಇದಕ್ಕಿಂತ ಒಳ್ಳೆಯ ಕಲ್ಲು ಸಿಗುತ್ತಿರಲಿಲ್ಲ. ಸಂದುಗಳಿಲ್ಲದ ಬಿಗಿಯಾದ ಕಲ್ಲಾದ್ದರಿಂದ ನೀರು ಹೀರುವುದಿಲ್ಲ. ಉಜ್ಜಿದಷ್ಟೂ ಹೊಳಪು ಬರುತ್ತದೆ. ಕಡಲಿನ ಉಪ್ಪುಗಾಳಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಇಂಗ್ಲೆಂಡಿನ ಸುಣ್ಣಕಲ್ಲಿನ ತೊಟ್ಟಿಗಳಿಗೆ ನೀರು ಸೋರದಿರಲೆಂದು ಒಳಗೆ ಸೀಸದ ತಗಡು ಹೊದಿಸುತ್ತಿದ್ದರು.

ಕರ್ನಾಟಕದಲ್ಲಿ ಚಾರ್ನೊಕೈಟ್ ಸೀಮೆ ಇರುವುದು ದಕ್ಷಿಣದ ತುದಿಗೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರನ ಬೆಟ್ಟದ ಕಡೆಯೆಲ್ಲ ಅದೇ. ಅಲ್ಲಿಂದ ಬಡಗಲಿಗೆ ಬಂದಂತೆ ಬೂದುಬಣ್ಣದ ನೈಸ್ ಶುರುವಾಗುತ್ತದೆ. ಎರಡೂ ಕೂಡುವ ಗಡಿಯಲ್ಲಿದೆ ಕನಕಪುರ ತಾಲ್ಲೂಕಿನ ಕಬ್ಬಾಳು. ಕಬ್ಬಾಳಮ್ಮನ ಜಾತ್ರೆಗೆ ಹೋದವರು ಹಿಂದಿನ ಕಬ್ಬಾಳುದುರ್ಗವನ್ನು ನೋಡಿರುತ್ತೀರಿ. ಮೈಸೂರು ಸುಲ್ತಾನರ ಕಾಲದಲ್ಲಿ ಸೆರೆಯಾಳುಗಳನ್ನು ಕೊಳೆಹಾಕುತ್ತಿದ್ದ ಬೆಟ್ಟ ಎಂದು ಅದಕ್ಕೆ ಕೆಟ್ಟ ಹೆಸರು. ಭೂವಿಜ್ಞಾನಿಗಳಿಗೆ ಮಾತ್ರ ಆ ಬೆಟ್ಟದ ಬುಡದ ಕಲ್ಲುಗಣಿ ಒಂದು ಯಾತ್ರಾಸ್ಥಳ.

ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಸಿ. ಎಸ್. ಪಿಚ್ಚಮುತ್ತು ಅಲ್ಲಿ ಕಂಡದ್ದನ್ನು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಚಾರ್ನೊಕೈಟ್ ತಯಾರಾಗುತ್ತಿರುವ ಹಂತ ಇದು ಎಂಬುದು ಆ ಲೇಖನದ ತಲೆಬರಹದ ಸಾರ. ಗಣಿಯ ಗೋಡೆಯಲ್ಲಿ ಬೂದುಬಣ್ಣದ ನೈಸ್ ಇರುತ್ತದೆ, ಅದರ ಪಟ್ಟೆಪಟ್ಟೆಯ ಗೆರೆಗಳೂ ಸ್ಪಷ್ಟವಾಗಿರುತ್ತವೆ. ಅದರ ನಡುವೆ ಅಲ್ಲಲ್ಲಿ, ಬಿರುಕು ಹಿಡಿದು ಹೋದಂತೆ, ಕಪ್ಪಿಗಿರುವ ಮಚ್ಚೆಗಳು. ಮಚ್ಚೆಯ ಅಂಚಿನಲ್ಲಿ ಪಟ್ಟೆಗಳು ಮಸುಕಾಗಿ ಒಳಗೆ ಹೋದಂತೆ ಅಳಿಸಿಹೋಗುತ್ತವೆ. ಒಂದೇ ಬಂಡೆ ಗೇಣಗಲದೊಳಗೆ ನೈಸ್‌ನಿಂದ ಚಾರ್ನೊಕೈಟ್ ಆಗುತ್ತಿರುವಾಗ ಅರ್ಧಕ್ಕೆ ನಿಂತುಬಿಟ್ಟಿದೆ. ಪ್ರಪಂಚದಲ್ಲಿ ಬೇರೆ ಕಡೆ ಸಿದ್ಧವಾದ ಚಾರ್ನೊಕೈಟ್ ಸಿಗುತ್ತದೆ. ಆಗುತ್ತಿರುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಕಬ್ಬಾಳು.

ನೀರನ್ನು ಹೊರಹಾಕಿದ್ದು ಯಾವುದು ಎಂಬುದರ ಮೇಲೆ ಆಮೇಲೆ ದೊಡ್ಡ ವಾದವೇ ನಡೆಯಿತು. ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ದನ ಅವರು ಅಮೆರಿಕದ ಸಂಗಡಿಗರಾದ ನ್ಯೂಟನ್, ಹ್ಯಾನ್ಸೆನ್ ಅವರ ಜೊತೆಗೂಡಿ 1980ರ ದಶಕದ ಆರಂಭದಲ್ಲಿ ಇಂಗಾಲದ ಡೈಆಕ್ಸೈಡಿನ ಕಡೆ ಬೆರಳು ತೋರಿಸಿದರು. ಆಳದಿಂದ ಮೇಲೇರಿದ ಆ ಅನಿಲ ಬಿರುಕುಗಳ ಗುಂಟ ಹಾದು ನೀರನ್ನು ಬದಿಗೊತ್ತಿತು ಎಂಬುದು ಅವರ ವಾದ. ಹರಳುಗಳೊಳಗೆ ಸಿಕ್ಕಿಬಿದ್ದ ಅನಿಲದ ಸೂಕ್ಷ್ಮ ಗುಳ್ಳೆಗಳು ಅವರ ಸಾಕ್ಷಿ. ಉಪ್ಪಿನ ದ್ರಾವಣವೂ ಕಾರಣವಿರಬಹುದು, ಕಲ್ಲು ಭಾಗಶಃ ಕರಗಿ ನೀರನ್ನು ಎಳೆದೊಯ್ದಿರಬಹುದು ಎನ್ನುವವರೂ ಇದ್ದಾರೆ. ಜಗಳ ಇನ್ನೂ ತೀರಿಲ್ಲ.

ಸೇಂಟ್ ಮೇರಿ ಚರ್ಚ್ ಈಗ ದಕ್ಷಿಣ ಭಾರತ ಸಭೆಯದು; 1947ರಲ್ಲಿ ಆ ಸಭೆ ಕೂಡಿಕೊಂಡಾಗ ಇದೂ ಸೇರಿತು. ಭಾನುವಾರದ ಆರಾಧನೆ ನಡೆಯುತ್ತದೆ. ನೋಡಬೇಕೆನ್ನುವವರು ಕೋಟೆಯ ಬಾಗಿಲಲ್ಲಿ ತಪಾಸಣೆ ಮುಗಿಸಿಕೊಂಡು ಒಳಗೆ ಹೋಗಬೇಕು. ಹತ್ತಿರದಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಇದೆ. ಚರ್ಚಿನಲ್ಲಿ ಕ್ಲೈವ್, ಯೇಲ್ ಎಂದು ಯಾರಾದರೂ ಶುರುಮಾಡಿದರೆ ಕೇಳಿಸಿಕೊಳ್ಳಿ, ತಪ್ಪಿಲ್ಲ. ಆಮೇಲೆ ತೊಟ್ಟಿ ಎಲ್ಲಿದೆ ಎಂದು ಕೇಳಿ. ಕಬ್ಬಾಳಿನ ಗಣಿಯನ್ನು ಮೊದಲೇ ನೋಡಿ ಹೋಗಿದ್ದರೆ ಆ ಕಲ್ಲಿನ ಗುರುತು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.